ಕಿಡಿ ಡೀಸೆಲ್‌ನದು, ಬಲ ಗ್ಯಾಸ್‌ನದು

ಕೇಳುಗರಿಗೆಲ್ಲ ನಮಸ್ಕಾರ.

ಲಾರಿ, ಜನರೇಟರ್, ಗಣಿಯ ಟಿಪ್ಪರ್, ಹಡಗು. ಭಾರದ ಕೆಲಸಕ್ಕೆ ಹೆಚ್ಚಾಗಿ ಡೀಸೆಲ್ ಎಂಜಿನ್ನೇ ಬೇಕು. ಈ ಎಂಜಿನ್ನಿಗೆ ಡೀಸೆಲ್ ಜೊತೆ ನೈಸರ್ಗಿಕ ಅನಿಲವನ್ನೂ ಕೊಟ್ಟು ಓಡಿಸಬಹುದು. ಇದಕ್ಕೆ ಡ್ಯುಯೆಲ್ ಫ್ಯೂಯೆಲ್ ಅನ್ನುತ್ತಾರೆ. ಬರೀ ಗ್ಯಾಸ್ ಸಾಲದೇ, ಡೀಸೆಲ್ ಯಾಕೆ ಅಂತ ನೀವು ಕೇಳಬಹುದು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುತ್ತದೆ, ಗಾಳಿ ಕಾಯುತ್ತದೆ, ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ 250 ಡಿಗ್ರಿಯ ಆಸುಪಾಸು ಸಾಕು. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಅದಕ್ಕೆ 500 ಡಿಗ್ರಿಗೂ ಜಾಸ್ತಿ ಬೇಕು, ಸಿಕ್ಕರೂ ಬೇಗ ಹೊತ್ತುವುದಿಲ್ಲ. ಹಾಗಾಗಿ ಗ್ಯಾಸನ್ನು ಒಳಬರುವ ಗಾಳಿಯಲ್ಲೇ ಬೆರೆಸಿ, ಎರಡನ್ನೂ ಒತ್ತಿ, ಕೊನೆಯಲ್ಲಿ ಸ್ವಲ್ಪ ಡೀಸೆಲ್ ಚಿಮ್ಮಿಸುತ್ತಾರೆ. ಡೀಸೆಲ್ ಇಲ್ಲಿ ಬೆಂಕಿಕಡ್ಡಿ ಇದ್ದಂತೆ. ಗ್ಯಾಸ್ ಮುಗಿದರೆ ಪೂರ್ತಿ ಡೀಸೆಲ್‌ನಲ್ಲೇ ಗಾಡಿ ಮುಂದೆ ಹೋಗುತ್ತದೆ. ಇದು ದೊಡ್ಡ ಅನುಕೂಲ.

ಆದರೆ ಎಲ್ಲ ಹೊತ್ತಿನಲ್ಲೂ ಒಂದೇ ಪ್ರಮಾಣದ ಗ್ಯಾಸ್ ಒಗ್ಗುವುದಿಲ್ಲ. ಲೋಡ್ ತೀರಾ ಜಾಸ್ತಿಯಾದರೆ ಜ್ವಾಲೆ ತಲುಪುವ ಮೊದಲೇ ಗ್ಯಾಸ್ ಸಿಡಿದು ಎಂಜಿನ್ ನಾಕ್ ಆಗುತ್ತದೆ, ಪಿಸ್ಟನ್ನಿಗೇ ಏಟು. ಲೋಡ್ ಕಡಿಮೆ ಇದ್ದಾಗ ಮಿಶ್ರಣ ತೆಳುವಾಗಿರುತ್ತದೆ. ಜ್ವಾಲೆ ಮೂಲೆಮೂಲೆಗೆ ಹೋಗುವುದಿಲ್ಲ, ಉರಿಯದ ಮೀಥೇನ್ ಸೈಲೆನ್ಸರ್‌ನಿಂದ ಹಾಗೇ ಹೊರಗೆ ಬರುತ್ತದೆ.

ನನಗೆ ನಿಜವಾದ ಚಿಂತೆ ಇದೇ. ಲೆಕ್ಕ ನೋಡಿ. 1 ಕೆಜಿ ಮೀಥೇನ್ ಉರಿದರೆ ಸುಮಾರು 2.75 ಕೆಜಿ ಇಂಗಾಲದ ಡೈಆಕ್ಸೈಡ್. ಅಷ್ಟೇ ಶಾಖವನ್ನು ಡೀಸೆಲ್‌ನಿಂದ ಪಡೆದರೆ ಸುಮಾರು 3.7 ಕೆಜಿ. ಉಳಿತಾಯ ಹತ್ತಿರ ಹತ್ತಿರ 1 ಕೆಜಿ. ಒಳ್ಳೆಯದೇ ಅಲ್ವಾ? ಆದರೆ ಉರಿಯದ ಮೀಥೇನ್ 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅಂದರೆ ಕೆಜಿಗೆ 35 ಗ್ರಾಂ ಸೋರಿದರೂ ಉಳಿತಾಯವೆಲ್ಲ ಹೋಯಿತು. 20 ವರ್ಷದ ಲೆಕ್ಕ ಹಿಡಿದರೆ ಇದು 80 ಪಟ್ಟಿಗೂ ಮೇಲೆ. ಮೀಥೇನ್‌ಗೆ ಬಣ್ಣವಿಲ್ಲ. ಕಪ್ಪು ಹೊಗೆ ಕಡಿಮೆಯಾಗಿದ್ದನ್ನು ನೋಡಿ ಎಲ್ಲ ಸರಿಯಾಯಿತು ಅಂದುಕೊಳ್ಳುವಂತಿಲ್ಲ.

ಇದಕ್ಕೆ ದಾರಿ ಇದೆ. ಕೆಲವು ಹೊಸ ಲಾರಿ ಎಂಜಿನ್ನುಗಳಲ್ಲಿ ಗ್ಯಾಸನ್ನು ಗಾಳಿಗೆ ಬೆರೆಸುವುದೇ ಇಲ್ಲ. ಗಾಳಿಯನ್ನು ಪೂರ್ತಿ ಒತ್ತಿದ ಮೇಲೆ, ಮೊದಲು ಚೂರು ಡೀಸೆಲ್, ಅದರ ಬೆನ್ನಿಗೇ ಭಾರೀ ಒತ್ತಡದಲ್ಲಿ ಗ್ಯಾಸ್. ನಾಕಿಂಗ್ ಭಯವಿಲ್ಲ, ಸೋರಿಕೆಯೂ ಬಹಳ ಕಡಿಮೆ, ಇಂಧನದಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಗ್ಯಾಸ್. ಇಂಜೆಕ್ಟರ್, ಪಂಪು ಮಾತ್ರ ದುಬಾರಿ. ಇದನ್ನು ಹಳೇ ಎಂಜಿನ್ನಿಗೆ ಸುಲಭವಾಗಿ ಸೇರಿಸಲಾಗದು.

ಹಳೇ ಎಂಜಿನ್ನಿಗೆ ಗ್ಯಾಸನ್ನು ಗಾಳಿಯಲ್ಲಿ ಬೆರೆಸುವ ಕಿಟ್ ಹಾಕಿಸುವವರು ಡೀಸೆಲ್ ಎಷ್ಟು ಉಳಿಯುತ್ತದೆ ಅಂತಷ್ಟೇ ಕೇಳಬೇಡಿ. ಯಾವ ಲೋಡ್‌ನಲ್ಲಿ ಅಳೆದರು, ಹೊಗೆಯಲ್ಲಿ ಮೀಥೇನ್ ಎಷ್ಟಿತ್ತು, ಬರೆದು ಕೊಡಿ ಅನ್ನಿ. ಗಂಟೆಗಟ್ಟಲೆ ಒಂದೇ ಲೋಡ್‌ನಲ್ಲಿ ಓಡುವ ಜನರೇಟರ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ದಿನವೆಲ್ಲ ಸುಮ್ನೆ ಐಡ್ಲಿಂಗ್‌ನಲ್ಲಿ ನಿಲ್ಲುವ ಗಾಡಿಗೆ ಹಾಕಿಸಿ ಅಂತ ನಾನು ಹೇಳಲಾರೆ.