‘ಜೀವ ಬೇಜಾರಾಗಿದೆ’ ಅಂದ್ರೆ ಏನು? ದೊಡ್ಡ ಕಾಯಿಲೆಯ ನಡುವೆ ಫೋನಿನಲ್ಲೇ ಮನಸ್ಸಿನ ಚಿಕಿತ್ಸೆ

[ದೃಶ್ಯ: ಡಯಾಲಿಸಿಸ್ ವಾರ್ಡ್. ಯಾರ ಮುಖವೂ ಬೇಡ. ಕೈಗೆ ಚುಚ್ಚಿದ ಎರಡು ಟ್ಯೂಬ್, ತಿರುಗ್ತಿರೋ ಪಂಪ್. ಮಷಿನ್ ಸದ್ದು ಐದು ಸೆಕೆಂಡ್ ಹಾಗೇ ಕೇಳಲಿ.]

ನಿರೂಪಣೆ:
ಕಿಡ್ನಿ ಕೆಟ್ಟವರ ರಕ್ತ ಶುದ್ಧಿ ಮಾಡೋ ಡಯಾಲಿಸಿಸ್, ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಹೋಗಿ ಬರೋ ಬಸ್ಸು, ಕಾಯೋದು, ಮುಗಿದ ಮೇಲೆ ಬರೋ ಸುಸ್ತು ಎಲ್ಲಾ ಸೇರಿದ್ರೆ ವಾರದ ಮೂರು ದಿನ ಖಲಾಸ್. ಇಂಥವರಿಗೆ “ನೀವು ಮಾನಸಿಕ ತಜ್ಞರನ್ನೂ ಒಮ್ಮೆ ನೋಡಿ, ಪಕ್ಕದ ಜಿಲ್ಲೆಯಲ್ಲಿದ್ದಾರೆ” ಅಂದ್ರೆ ಅವರು ಹೂಂ ಅಂತಾರೆ, ಹೋಗಲ್ಲ. ಯಾಕೆ ಹೋಗಬೇಕು ಹೇಳಿ? ಉಳಿದಿರೋದೇ ನಾಲ್ಕು ದಿನ.

[ದೃಶ್ಯ: ನಿರೂಪಕರು ಕ್ಯಾಮೆರಾ ಎದುರು]

ನಮಸ್ಕಾರ. ಕ್ಯಾನ್ಸರ್, ಕಿಡ್ನಿ, ಹೃದಯ, ಪಾರ್ಶ್ವವಾಯು, ಹೀಗೆ ದೊಡ್ಡ ಕಾಯಿಲೆ ಜೊತೆ ಬದುಕ್ತಿರೋರಿಗೆ ಫೋನಿನಲ್ಲಿ, ವಿಡಿಯೋ ಕಾಲ್‌ನಲ್ಲಿ ಸಿಗೋ ಮನಸ್ಸಿನ ಚಿಕಿತ್ಸೆ ಬಗ್ಗೆ ಇವತ್ತು ಮಾತಾಡೋಣ. ಅದು ಕೆಲಸ ಮಾಡುತ್ತಾ, ಎಲ್ಲಿ ಸಿಗುತ್ತೆ, ಎಲ್ಲಿ ಕೈಕೊಡುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಡೆ ಕೂತಿರೋರಿಗೆ ನಮ್ಮ ಭಾಷೆ ಯಾಕೆ ಗೊತ್ತಿರಬೇಕು ಅಂತ.

ತಿಪಟೂರು ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿಯನ್ನ ಕಣ್ಮುಂದೆ ತಂದ್ಕೊಳ್ಳಿ. ನಿಜವಾದ ವ್ಯಕ್ತಿ ಅಲ್ಲ, ಈ ವಿಡಿಯೋಗೆ ಅಂತ ನಾನೇ ಕಟ್ಟಿದ ಪಾತ್ರ. ವಯಸ್ಸು 52. ಎರಡೂ ಕಿಡ್ನಿ ಹೋಗಿವೆ. ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಈಗ ಎಳನೀರು ಮುಟ್ಟೋ ಹಾಗಿಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ರಕ್ತದಲ್ಲಿ ಏರಿದ್ರೆ ಹೃದಯದ ಬಡಿತವೇ ತಪ್ಪಬಹುದು. ಕುಡಿಯೋ ನೀರಿಗೂ ಅಳತೆ. ಬೆಳಗ್ಗೆ ಹೆಂಡತಿ ಒಂದು ಬಾಟಲಿ ತುಂಬಿಸಿ ಇಡ್ತಾರೆ, ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ ಅಷ್ಟರಲ್ಲೇ ಇಡೀ ದಿನ. ಸಂಜೆ ಐದಕ್ಕೆ ಬಾಟಲಿ ಖಾಲಿ, ಬಾಯಿ ಒಣಗಿದೆ. ಜಗಳ ಅಲ್ಲಿ ಶುರುವಾಗುತ್ತೆ. ನೀರಿನ ಮೇಲಿನ ಸಿಟ್ಟು ಹೆಂಡತಿ ಮೇಲೆ.

ಯಾರಾದ್ರೂ ಹೇಗಿದ್ದೀರಿ ಅಂದ್ರೆ ಅವರು ಹೇಳೋದು ಒಂದೇ ಮಾತು. “ಬೇಜಾರು.”

[ತೆರೆಯ ಮೇಲೆ ದೊಡ್ಡ ಅಕ್ಷರ: ಬೇಜಾರು]

ಈ ಪದ ನೋಡಿ. ಮಳೆ ಬಂದು ಮ್ಯಾಚ್ ನಿಂತ್ರೆ ಬೇಜಾರು. ಮಗ ಫೋನ್ ಮಾಡ್ಲಿಲ್ಲ ಅಂದ್ರೆ ಬೇಜಾರು. ಕೆಲಸ ಇಲ್ದೆ ಕೂತ್ರೆ ಬೇಜಾರು. ಸತ್ತವರ ಮನೆಗೆ ಹೋಗಿ ಬಂದ್ರೂ ಬೇಜಾರು. ‘ಸಂಕಟ’ ಇನ್ನೂ ತಮಾಷೆ. ಹೊಟ್ಟೆ ತೊಳೆಸಿದ್ರೂ ಸಂಕಟ, ಮನಸ್ಸಿಗಾದ್ರೂ ಸಂಕಟ. ಕೀಮೋ ತಗೊಂಡ ಹೆಂಗಸು “ತುಂಬಾ ಸಂಕಟ ಆಗ್ತಿದೆ” ಅಂದ್ರೆ ವಾಂತಿ ಮಾತ್ರೆ ಕೊಡಬೇಕೋ, ಪಕ್ಕದಲ್ಲಿ ಕೂತು ಕೇಳಬೇಕೋ? ಎರಡೂ ಬೇಕಾಗಬಹುದು. ಕೇಳಿ ತಿಳ್ಕೊಳ್ಳದೆ ಗೊತ್ತಾಗಲ್ಲ.

ಇನ್ನು ‘ಜೀವ ಬೇಜಾರಾಗಿದೆ’. ಧಾರವಾಡದ ಕಡೆ ‘ಜೀವ ಬ್ಯಾಸರಾಗೇತ್ರಿ’. ಇದು ಸುಮ್ನೆ ಆಡೋ ಮಾತೂ ಆಗಿರಬಹುದು, ಬದುಕೇ ಬೇಡ ಅನ್ನೋದರ ಮೊದಲ ಸುಳಿವೂ ಆಗಿರಬಹುದು. ಕನ್ನಡ ಬಲ್ಲ ಆಪ್ತಸಮಾಲೋಚಕರು ಅಲ್ಲೇ ನಿಲ್ತಾರೆ. “ಬೇಜಾರು ಅಂದ್ರಲ್ಲ, ಸತ್ತು ಹೋಗೋಣ ಅನ್ನಿಸುವಷ್ಟಾ?” ಅಂತ ನೇರವಾಗಿ ಕೇಳ್ತಾರೆ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ ನಮ್ಮಲ್ಲಿದೆ. ಹಾಗಾಗಲ್ಲ. ಕೇಳಿದ್ರೆ ಎಷ್ಟೋ ಜನಕ್ಕೆ ಎದೆ ಹಗುರಾಗುತ್ತೆ.

ನಮ್ಮ ದೊಡ್ಡಮ್ಮನಿಗೆ ಕೀಮೋ ನಡೀತಿದ್ದಾಗ ನಾನೇ ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಸೆಷನ್ ಬುಕ್ ಮಾಡಿದ್ದೆ. ಹೆಸರು ಬೇಡ. ಆ ಕಡೆಯ ಹುಡುಗಿ ಒಳ್ಳೆಯವಳೇ, ಆದ್ರೆ “ನಿಮ್ಮ ಭಾವನೆಗಳನ್ನು ಒಂದರಿಂದ ಹತ್ತರ ಪ್ರಮಾಣದಲ್ಲಿ ತಿಳಿಸಿ” ಅಂತ ಓದಿದ ಹಾಗೆ ಕೇಳಿದಳು. ದೊಡ್ಡಮ್ಮ ನನ್ನ ಕಡೆ ತಿರುಗಿ, “ಇದೇನು ಬ್ಯಾಂಕಿನೋರಾ?” ಅಂದ್ರು. ಅಲ್ಲಿಗೆ ಮುಗೀತು.

[ದೃಶ್ಯ: ಒಂಬತ್ತು ಪ್ರಶ್ನೆಗಳ ಖಾಲಿ ಫಾರಂ. ಮೂರು ಪ್ರಶ್ನೆ ಹಳದಿಯಾಗುತ್ತವೆ.]

ಪಾಪ, ಸಂಖ್ಯೆ ಕೇಳೋದೇನೂ ತಪ್ಪಲ್ಲ. ಕ್ಯಾನ್ಸರ್ ವಿಭಾಗಗಳಲ್ಲಿ ಸೊನ್ನೆಯಿಂದ ಹತ್ತರ ತನಕ ಗುರುತು ಹಾಕೋ ಥರ್ಮಾಮೀಟರ್ ಚಿತ್ರವೇ ಇದೆ. 4 ಅಥವಾ ಮೇಲಿದ್ರೆ ಇನ್ನಷ್ಟು ವಿಚಾರಿಸಬೇಕು ಅಂತ ಲೆಕ್ಕ. ಸಮಸ್ಯೆ ಬರೋದು ಸಂಖ್ಯೆಯನ್ನ ಹಾಗೇ ನಂಬಿದಾಗ. ಆನ್‌ಲೈನ್‌ನಲ್ಲಿ ಮೊದಲು ತುಂಬಿಸೋ ಫಾರಂ ಬಹಳ ಸಲ ಪಿಎಚ್‌ಕ್ಯೂ-9, ಅಂದ್ರೆ ಖಿನ್ನತೆಯ ಲಕ್ಷಣ ಅಳೆಯೋ ಪ್ರಶ್ನೆಪಟ್ಟಿ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಮೇಲಿದ್ರೆ ಖಿನ್ನತೆ ಇದೆಯಾ ಅಂತ ತಜ್ಞರು ಪರೀಕ್ಷೆ ಮಾಡಬೇಕು.

ಈಗ ನಮ್ಮ ಕೊಬ್ಬರಿ ವ್ಯಾಪಾರಿ ತುಂಬಿಸಲಿ. ನಿದ್ದೆ ಕೆಟ್ಟಿದೆಯಾ? ದಿನಾ, 3 ಅಂಕ. ಸುಸ್ತಾ? ದಿನಾ, 3. ಊಟ ಸೇರಲ್ವಾ? 3. ಆಯ್ತು, ಬರೀ ಕಿಡ್ನಿ ಕಾಯಿಲೆಯೇ 9 ಅಂಕ ಕೊಟ್ಟುಬಿಡ್ತು! ಮನಸ್ಸಿನ ವಿಷಯ ಇನ್ನೂ ಕೇಳೇ ಇಲ್ಲ. ಉಲ್ಟಾನೂ ಆಗುತ್ತೆ. ನಿಜವಾಗ್ಲೂ ಖಿನ್ನತೆ ಇರೋರನ್ನ ನೋಡಿ ಮನೆಯವರು “ಕಾಯಿಲೆ ಅಲ್ವಾ, ಸುಸ್ತು ಇದ್ದೇ ಇರುತ್ತೆ” ಅಂತ ಬಿಟ್ಟುಬಿಡ್ತಾರೆ. ಇದೇ ತೊಡಕಿಗೆ ಅಂತ 1983ರಲ್ಲಿ ಝಿಗ್ಮಂಡ್ ಮತ್ತು ಸ್ನೇಯ್ತ್ ಅನ್ನೋ ಇಬ್ಬರು ಮನೋವೈದ್ಯರು ಆಸ್ಪತ್ರೆ ರೋಗಿಗಳಿಗೋಸ್ಕರವೇ 14 ಪ್ರಶ್ನೆಗಳ ಬೇರೆ ಪಟ್ಟಿ ಮಾಡಿದ್ರು. ಸುಸ್ತು, ಹಸಿವು, ನಿದ್ದೆ ಥರದ ಪ್ರಶ್ನೆಗಳನ್ನ ಬೇಕಂತಲೇ ಬಿಟ್ಟು, ಮೊದಲು ಖುಷಿ ಕೊಡ್ತಿದ್ದ ವಿಷಯ ಈಗಲೂ ಖುಷಿ ಕೊಡುತ್ತಾ, ನಗು ಬರುತ್ತಾ, ಇಂಥವನ್ನ ಇಟ್ಕೊಂಡ್ರು. ಹಾಗಾಗಿ ಆನ್‌ಲೈನ್ ಸಮಾಲೋಚನೆಯಲ್ಲಿ ನಿಮ್ಮ ಕಾಯಿಲೆ ಹೆಸರು, ನಡೀತಿರೋ ಚಿಕಿತ್ಸೆ ಕೇಳದೆ ಬರೀ ಅಂಕ ನೋಡಿ “ನಿಮಗೆ ಡಿಪ್ರೆಶನ್” ಅಂದ್ರೆ, ನಮಸ್ಕಾರ ಹೇಳಿ ಫೋನ್ ಇಡಿ.

[ದೃಶ್ಯ: ನಿಲ್ಲಿಸಿದ ಓಮ್ನಿ ವ್ಯಾನ್, ಒಳಗೆ ಇಯರ್‌ಫೋನ್ ಹಾಕ್ಕೊಂಡು ಕೂತ ವ್ಯಕ್ತಿಯ ಬೆನ್ನು]

ಸರಿ, ಒಳ್ಳೆ ಸೆಷನ್ ಹೇಗಿರುತ್ತೆ?

ಎಲ್ಲರೂ ಹೇಳೋ “ಧೈರ್ಯವಾಗಿರಿ” ಅಲ್ಲಿ ಬರಲ್ಲ. ನನ್ನ ಕೇಳಿದ್ರೆ ರೋಗಿಗೆ ಅಷ್ಟು ನಿಷ್ಪ್ರಯೋಜಕವಾದ ಮಾತು ಇನ್ನೊಂದಿಲ್ಲ. ಅದನ್ನ ಕೇಳಿದ ಮೇಲೆ ಭಯ ಆಗ್ತಿದೆ ಅಂತ ಹೇಳೋಕೂ ಬಾಯಿ ಬರಲ್ಲ. ಸಮಾಲೋಚಕರು ಕೇಳೋದು ತುಂಬಾ ಸಾದಾ ಪ್ರಶ್ನೆ. “ನಿನ್ನೆ ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡಿದ್ರಿ?” ವ್ಯಾಪಾರಿ ಹೇಳ್ತಾರೆ, ನಿನ್ನೆ ಡಯಾಲಿಸಿಸ್ ಇರ್ಲಿಲ್ಲ, ಆದ್ರೂ ಮಲಗೇ ಇದ್ದೆ. ಮೊದಲಾಗಿದ್ರೆ? ಮೊದಲಾಗಿದ್ರೆ ಹತ್ತಕ್ಕೆ ಮಂಡಿಯಲ್ಲಿರ್ತಿದ್ದೆ, ಕೊಬ್ಬರಿ ಒಡೆದು, ಮೂಸಿ ರೇಟ್ ಹೇಳ್ತಿದ್ದೆ.

ಅಲ್ಲಿ ಒಂದು ಎಳೆ ಸಿಕ್ತು. ಮುಂದಿನ ವಾರ ಡಯಾಲಿಸಿಸ್ ಇಲ್ಲದ ಒಂದೇ ಒಂದು ದಿನ, ಹತ್ತು ಗಂಟೆಗೆ, ಬರೀ ಅರ್ಧ ಗಂಟೆ ಮಂಡಿಗೆ ಹೋಗಿ ಕೂರೋದು. ವ್ಯಾಪಾರ ಮಾಡಬೇಕಿಲ್ಲ. ಮನಸ್ಸು ಬಂದಾಗ ಹೋಗೋದಲ್ಲ, ಹತ್ತು ಗಂಟೆ ಆದಾಗ ಹೋಗೋದು. ಮನಸ್ಸು ಬರಲಿ ಅಂತ ಕಾದ್ರೆ ಬರಲ್ಲ, ಹೋದ ಮೇಲೆ ಸ್ವಲ್ಪ ಬರುತ್ತೆ. ಇದು ಸಿಬಿಟಿ ಅನ್ನೋ, ಯೋಚನೆ ಮತ್ತು ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆಯ ಹಳೇ ಪಟ್ಟು. ಆಮೇಲೆ ಚಿಂತೆಗಳನ್ನ ಎರಡು ರಾಶಿ ಮಾಡಿಸ್ತಾರೆ. “ಕರೆಂಟ್ ಹೋದ್ರೆ ಮಷಿನ್ ನಿಂತ್ರೆ?” ಇದಕ್ಕೆ ಉತ್ತರ ಇದೆ, ನಾಳೆ ಟೆಕ್ನಿಷಿಯನ್ನನ್ನೇ ಕೇಳಬಹುದು. “ಇನ್ನೆಷ್ಟು ವರ್ಷ ಇರ್ತೀನಿ?” ಇದಕ್ಕೆ ಯಾರ ಹತ್ರಾನೂ ಪಕ್ಕಾ ಉತ್ತರ ಇಲ್ಲ. ಈ ಎರಡನೇ ರಾಶಿಯನ್ನ ಓಡಿಸೋಕೆ ಹೋಗದೆ, ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಮಗಳ ಮದುವೆ ಮಾತುಕತೆಗೆ ಹೋಗೋದು ಹೇಗೆ ಅಂತ ಅಭ್ಯಾಸ. ನೀರಿನ ಬಾಟಲಿ ಜಗಳಕ್ಕೆ ಹೆಂಡತಿಯನ್ನೂ ಒಂದು ಸೆಷನ್‌ಗೆ ಕರೀತಾರೆ. ಅಳತೆಯ ಕಾವಲು ಅವರ ಕೆಲಸ ಆಗಬಾರದು, ಬಾಟಲಿ ಇವರ ಕೈಯಲ್ಲೇ ಇರಬೇಕು ಅಂತ ತೀರ್ಮಾನ ಆಗಬಹುದು. ಸಣ್ಣ ವಿಷಯ. ಮನೆ ತಣ್ಣಗಾಗೋದು ಇಂಥದ್ರಲ್ಲೇ.

ಇಂಥದ್ದೆಲ್ಲ ಎದುರು ಕೂರದೆ, ದೂರದಿಂದಲೇ ನಡೆಯುತ್ತಾ ಅಂದ್ರೆ, ನಡೆಯುತ್ತೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ದೀರ್ಘಕಾಲದ ನೋವಿರೋರಿಗೆ ಇಂಟರ್ನೆಟ್‌ನಲ್ಲೇ 8 ವಾರ, 5 ಪಾಠಗಳ ಕೋರ್ಸ್ ಮಾಡಿದ್ದಾರೆ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 490 ಜನ ಇದ್ರು. ಪಾಠ ಸಿಕ್ಕವರಲ್ಲಿ ಕೆಲವರಿಗೆ ತಜ್ಞರು ವಾರವಾರ ಫೋನಿನಲ್ಲೋ ಇಮೇಲ್‌ನಲ್ಲೋ ಸಿಕ್ತಿದ್ರು, ಕೆಲವರು ಬೇಕಾದಾಗ ಮಾತ್ರ ಕೇಳಿದ್ರು, ಕೆಲವರಿಗೆ ಮಾತುಕತೆಯೇ ಇರ್ಲಿಲ್ಲ. ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಥರ ಉಪಯೋಗ ಆಯ್ತು. ವಾರವಾರ ಮಾತಾಡಿದ ಗುಂಪಿಗೂ ತಜ್ಞರು ಕೊಟ್ಟ ಸಮಯ ಇಡೀ ಕೋರ್ಸ್‌ಗೆ ತಲಾ ಒಂದು ಗಂಟೆ ಚಿಲ್ಲರೆ ಅಷ್ಟೆ. ಪಾಠ ಚೆನ್ನಾಗಿದ್ರೆ ಅಷ್ಟು ಸಾಕಾಗಬಹುದು. ಅಂಥ ಪಾಠ ನಮ್ಮ ಕನ್ನಡದಲ್ಲಿ, ರಾಗಿಮುದ್ದೆ, ಮಂಡಿ, ಸೀಮಂತಗಳ ಉದಾಹರಣೆ ಸಮೇತ ಯಾರಾದ್ರೂ ಬರೆದ್ರೆ ನಾನೇ ಓದಿ ರೆಕಾರ್ಡ್ ಮಾಡ್ಕೊಡ್ತೀನಿ, ದುಡ್ಡು ಬೇಡ.

[ತೆರೆಯ ಮೇಲೆ: ಟೆಲಿ ಮಾನಸ್ 14416]

ಈಗ ಎಲ್ಲಿ ಸಿಗುತ್ತೆ ಅನ್ನೋದು. ಕೇಂದ್ರ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ಕ್ಕೆ ಶುರುವಾಯ್ತು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನದ್ದೇ ಟ್ರಿಪಲ್ ಐಟಿ. ನಂಬರ್ 14416. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಸಿಗ್ತಾರೆ, ಅಗತ್ಯ ಬಿದ್ರೆ ತಜ್ಞರಿಗೆ ದಾಟಿಸ್ತಾರೆ. ಸರಿಯಾಗಿ ಎರಡು ವರ್ಷಕ್ಕೆ, 2024ರ ಅಕ್ಟೋಬರ್ 10ಕ್ಕೆ, ಇದರ ಆ್ಯಪ್ ಕೂಡ ಬಂತು. ಸ್ಮಾರ್ಟ್‌ಫೋನ್ ಇಲ್ದೇ ಇದ್ರೂ ಕೀಪ್ಯಾಡ್ ಫೋನಲ್ಲಿ 14416 ಒತ್ತಬಹುದು, ನನಗೆ ಇದರಲ್ಲಿ ಇಷ್ಟ ಆದ ವಿಷಯ ಅದೇ. ಆದ್ರೆ ಇದು ಬಾಗಿಲು ಅಂದ್ಕೊಳ್ಳಿ. ಒಬ್ಬರೇ ತಜ್ಞರ ಜೊತೆ ವಾರವಾರ ಕೂತು ಮಾಡೋ ಚಿಕಿತ್ಸೆ ಬೇಕಾದ್ರೆ ಮುಂದಿನ ದಾರಿ ಅವರ ಹತ್ರಾನೇ ಕೇಳಿ.

ಖಾಸಗಿಯಾಗಿ ಹುಡುಕ್ತೀರಾ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಳ್ಳೋರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐನ ನೋಂದಣಿ ಇರಬೇಕು. ನಂಬರ್ ಕೇಳೋಕೆ ಸಂಕೋಚ ಬೇಡ. ಮಾತ್ರೆ ಬರೆಯೋದು ಮನೋವೈದ್ಯರು, ಸೈಕಾಲಜಿಸ್ಟ್ ಬರೆಯಲ್ಲ. ಮಾತ್ರೆ ಶುರು ಮಾಡೋದಾದ್ರೆ ನೀವು ಈಗಾಗಲೇ ನುಂಗ್ತಿರೋ ಎಲ್ಲಾ ಮಾತ್ರೆಗಳ ಪಟ್ಟಿಯನ್ನ ಕ್ಯಾಮೆರಾಗೆ ಹಿಡಿದು ತೋರಿಸಿ. ಇದನ್ನ ನಾನು ಒತ್ತಿ ಹೇಳ್ತೀನಿ. ಸ್ತನ ಕ್ಯಾನ್ಸರ್‌ಗೆ ಕೊಡೋ ಟಾಮಾಕ್ಸಿಫೆನ್ ಜೊತೆ ಪರಾಕ್ಸಿಟಿನ್ ಅನ್ನೋ ಖಿನ್ನತೆಯ ಮಾತ್ರೆ ಸೇರಿದ್ರೆ, ಟಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗೋದಕ್ಕೇ ಅಡ್ಡಿಯಾಗುತ್ತೆ. ಮನಸ್ಸಿನ ಏರಿಳಿತಕ್ಕೆ ಕೊಡೋ ಲಿಥಿಯಂ ಮಾತ್ರೆ ಹೊರಹೋಗೋದು ಕಿಡ್ನಿಯಿಂದ, ಕಿಡ್ನಿ ಕೆಟ್ಟಿದ್ರೆ ಅದು ಮೈಯಲ್ಲೇ ಉಳಿಯುತ್ತೆ. ಇನ್ನು ಸ್ಟೀರಾಯ್ಡ್ ತಗೊಳ್ತಿದ್ರೆ ಅದೇ ನಿದ್ದೆ ಕೆಡಿಸಿ, ಮನಸ್ಸನ್ನ ಏರುಪೇರು ಮಾಡಬಹುದು. ಎದುರಿಗೆ ಕೂತ ಡಾಕ್ಟರಿಗೆ ಫೈಲ್ ಕಾಣುತ್ತೆ, ಸ್ಕ್ರೀನ್ ಹಿಂದಿರೋರಿಗೆ ನೀವು ತೋರಿಸಿದ್ದು ಮಾತ್ರ ಕಾಣುತ್ತೆ.

[ತೆರೆಯ ಮೇಲೆ ಕೆಂಪು ಪಟ್ಟಿ: 108, 112]

ಮೂರು ಸಂದರ್ಭದಲ್ಲಿ ವಿಡಿಯೋ ಕಾಲ್ ಬೇಡ. ಹೃದಯದ ಕಾಯಿಲೆ ಇರೋರಿಗೆ ಎದೆನೋವು, ಬೆವರು ಬಂದ್ರೆ ಅದು ಗಾಬರಿಯೋ ಹಾರ್ಟ್ ಅಟ್ಯಾಕೋ ಅಂತ ಮನೇಲಿ ತೀರ್ಮಾನ ಮಾಡಬೇಡಿ, 108. ಇದ್ದಕ್ಕಿದ್ದ ಹಾಗೆ ಮಾತು ತಡವರಿಸಿ, ರಾತ್ರಿ ಹೊತ್ತು ಯಾರ್ಯಾರನ್ನೋ ಕಂಡ ಹಾಗೆ ಆಡಿದ್ರೆ ಅದು ಬಹಳ ಸಲ ಸೋಂಕು, ಲಿವರ್ ಅಥವಾ ಲವಣಾಂಶದ ಏರುಪೇರು, ಆಸ್ಪತ್ರೆಯ ಕೆಲಸ. ಜೀವ ಕಳ್ಕೊಳ್ಳೋ ಯೋಚನೆ ಗಟ್ಟಿಯಾಗಿದ್ರೆ ಒಬ್ಬರನ್ನೇ ಬಿಡಬೇಡಿ. 112 ಕರೀರಿ, ಇಲ್ಲಾ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ.

[ದೃಶ್ಯ: ನಿರೂಪಕರು ಮತ್ತೆ ಕ್ಯಾಮೆರಾ ಎದುರು]

ಕೊನೆಗೊಂದು ಅಡಚಣೆ. ಇಂಟರ್ನೆಟ್ ಅಲ್ಲ ಅದು, ಕೈಕೊಟ್ರೆ ವಿಡಿಯೋ ಆಫ್ ಮಾಡಿ ಬರೀ ದನಿಯಲ್ಲಿ ಮುಂದುವರಿಸಬಹುದು. ದೊಡ್ಡ ಅಡಚಣೆ ಮನೆ. ಎರಡು ರೂಮಿನ ಮನೆಯಲ್ಲಿ ಬಾಗಿಲ ಹತ್ರ ಯಾರೋ ನಿಂತಿರ್ತಾರೆ. ಸಮಾಲೋಚಕರು ಹೇಗಿದ್ದೀರಿ ಅಂದ್ರೆ ಮಗ ಹಿಂದಿನಿಂದ “ಅಪ್ಪ ಚೆನ್ನಾಗೇ ಇದ್ದಾರೆ ಮೇಡಂ” ಅಂತಾನೆ. ಪ್ರೀತಿಗೇ ಹೇಳೋದು, ಆದ್ರೆ ಅಪ್ಪನ ಬಾಯಿ ಅಲ್ಲಿಗೆ ಬಂದ್. ತಾರಸಿ, ತೋಟ, ಕೊಟ್ಟಿಗೆ, ನಿಲ್ಲಿಸಿದ ಗಾಡಿ, ಎಲ್ಲಿ ಬೇಕಾದ್ರೂ ಕೂತು ಮಾತಾಡಿ. ಡಯಾಲಿಸಿಸ್ ಹಾಸಿಗೆ ಮೇಲೆ ಮಾತ್ರ ಬೇಡ, ಪಕ್ಕದ ಬೆಡ್ ಎರಡು ಅಡಿ ದೂರದಲ್ಲಿರುತ್ತೆ. ಅಲ್ಲಿ ಉಸಿರಾಟದ ಅಭ್ಯಾಸದ ಆಡಿಯೋ ಕೇಳ್ಕೊಳ್ಳಿ, ಸಾಕು. ಮೊದಲ ಸಲ ಫೋನ್ ಮಾಡಿದಾಗ ಏನು ಹೇಳಬೇಕು ಅಂತ ತೋಚಲ್ಲ ಅಂತ ತುಂಬಾ ಜನ ಹಾಗೇ ಕಟ್ ಮಾಡ್ತಾರೆ. ಅದಕ್ಕೆ ಇದನ್ನ ಬರ್ಕೊಳ್ಳಿ, ನೋಡ್ಕೊಂಡೇ ಓದಿ.

[ತೆರೆಯ ಮೇಲೆ, ಕೈಬರಹದಂತೆ ಒಂದೊಂದೇ ಸಾಲು]

“ನನಗೆ ಕಿಡ್ನಿ ಕಾಯಿಲೆ ಇದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್.
ಮೂರು ವಾರದಿಂದ ನಿದ್ದೆ ಇಲ್ಲ, ಯಾರ ಮೇಲಾದ್ರೂ ಸಿಟ್ಟು ಬರುತ್ತೆ.
ಮನೇಲಿ ಹೇಳಿಲ್ಲ. ಗಾಡಿಯಲ್ಲಿ ಕೂತು ಮಾತಾಡ್ತಿದ್ದೀನಿ.
ಅರ್ಧ ಗಂಟೆ ಇದೆ ನನ್ನ ಹತ್ರ.”