ಹಡಗು ಬಲೆ ಹರಿದರೆ ಮೊದಲು ಬರೆದಿಡಿ

ಕೇಳುಗರಿಗೆ ನಮಸ್ಕಾರ. ಮಾಜಾಳಿಯಿಂದ ಭಟ್ಕಳದವರೆಗೆ ಕಡಲಿಗೆ ಹೋಗುವವರು, ಮನೆಯಲ್ಲಿ ಅವರ ದಾರಿ ಕಾಯುವವರು, ನಿಮ್ಮ ಜೊತೆಗೇ ಈ ಮಾತು.

2006ರ ಮೇ ಕೊನೆಗೆ ಓಷನ್ ಸೆರಾಯಾ ಎಂಬ ಹಡಗು ನಮ್ಮ ದೇವಗಡ ದ್ವೀಪದ ಹತ್ತಿರ ಬಂಡೆಗೆ ಸಿಕ್ಕಿತ್ತು. ಅದರ ಎಣ್ಣೆ ಗೋವಾದ ದಡಕ್ಕೂ ಹೋಯಿತು. ಇಂಥದ್ದು ಆದಾಗ 'ದೊಡ್ಡ ಕಂಪನಿ, ಪೂರ್ತಿ ಕೊಡುತ್ತದೆ' ಎಂದು ನಾವು ಸುಮ್ನೆ ಕೂರುತ್ತೇವೆ. ಹಾಗಿಲ್ಲ. ಮಾಲೀಕ ಕೊಡಬೇಕಾದ ಪರಿಹಾರಕ್ಕೆ ಕಾನೂನೇ ಒಂದು ಮಿತಿ ಹಾಕಿದೆ. ಆ ಮಿತಿ ನಿಮ್ಮ ನಷ್ಟ ನೋಡಿ ಹಾಕಿದ್ದಲ್ಲ, ಹಡಗಿನ ಗಾತ್ರ, ಅಂದರೆ ಟನ್ ನೋಡಿ ಹಾಕಿದ್ದು.

ಹಿಂದೆ ಇದಕ್ಕಿಂತ ಕಷ್ಟ ಇತ್ತು. 1967ರಲ್ಲಿ ಇಂಗ್ಲೆಂಡಿನ ಹತ್ತಿರ ಟೋರಿ ಕ್ಯಾನಿಯನ್ ಎಂಬ ತೈಲ ಹಡಗು ಒಡೆಯಿತು. ಮಾಲೀಕರು ಅಮೆರಿಕದ ಕೋರ್ಟಿನಲ್ಲಿ ತೋರಿಸಿದ ಮಿತಿ 50 ಡಾಲರ್. ಅಲ್ಲಿ ಆಗ ಉಳಿದದ್ದರ ಬೆಲೆಯೇ ಮಿತಿ, ಉಳಿದಿದ್ದ ಒಂದೇ ಲೈಫ್‌ಬೋಟಿನ ಬೆಲೆ ಅದು!

ಈಗ ಮಾಲೀಕ ಮಿತಿಯ ಹಣವನ್ನು ಕೋರ್ಟಿನಲ್ಲಿ ಇಡುತ್ತಾನೆ. ನಷ್ಟ ಆದವರೆಲ್ಲ ಅದರಲ್ಲೇ ಹಂಚಿಕೊಳ್ಳಬೇಕು. ಕೇಳಿದ್ದು 10 ಕೋಟಿ, ಇಟ್ಟದ್ದು 1 ಕೋಟಿ ಆದರೆ ರೂಪಾಯಿಗೆ 10 ಪೈಸೆ. ರುಜುವಾತು ಇಲ್ಲದವರಿಗೆ ಆ 10 ಪೈಸೆಯೂ ಇಲ್ಲ. ಅದಕ್ಕೇ ಹೇಳುವುದು, ಬರೆದಿಡಿ.

ಬೈತಖೋಲದ ಒಬ್ಬರು ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಮೀನಿನ ಥರ್ಮಾಕೋಲ್ ಡಬ್ಬಿಯ ಮುಚ್ಚಳ. ರಾತ್ರಿ ಒಂದು ಹಡಗು ಅವರ ಬಲೆ ಎಳೆದುಕೊಂಡು ಹೋಗಿತ್ತು. ಟಾರ್ಚ್ ಬಿಟ್ಟು ಹಡಗಿನ ಹಿಂಭಾಗ ನೋಡಿದ್ದಾರೆ. ಬರೆಯಲು ಪೆನ್ ಇಲ್ಲ. ಗಾಳದ ಮೊನೆಯಿಂದ ಮುಚ್ಚಳದ ಮೇಲೆ ಗೀಚಿದ್ದಾರೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಕ್ಷರಗಳ ಚಿತ್ರ ಬಿಡಿಸಿದ್ದರು, ಒಂದು ಅಕ್ಷರ ತಲೆಕೆಳಗಾಗಿತ್ತು. ಕೆಳಗೆ ಏಳು ಅಂಕಿ, ಒಂದೂ ತಪ್ಪಿರಲಿಲ್ಲ. ಅದೇ ಐಎಂಒ ನಂಬರ್, ಅಂದರೆ ಹಡಗಿನ ಗುರುತಿನ ಸಂಖ್ಯೆ. ಹಡಗು ಹೆಸರು ಬದಲಿಸಬಹುದು, ಈ ನಂಬರ್ ಬದಲಾಗುವುದಿಲ್ಲ. ಹಡಗು ಸಿಕ್ಕಿತು.

ಆಮೇಲೆ ಹಡಗಿನ ವಿಮೆಯವರು ಕೇಳಿದರು, ಬಲೆಯ ಬಿಲ್ ಎಲ್ಲಿ? ನಗದು ಕೊಟ್ಟು ತಂದದ್ದು, ಬಿಲ್ ಎಲ್ಲಿಂದ ಬರಬೇಕು? ಅವರ ಮನೆಯಾಕೆ ಸ್ವಸಹಾಯ ಸಂಘದ ಪಾಸ್‌ಬುಕ್ ತಂದರು. 'ಬಲೆ ಸಾಲ' ಎಂದು ಒಂದು ಸಾಲು ಇತ್ತು. ಅಷ್ಟಕ್ಕೆ ದುಡ್ಡು ಬಂತು, ಉಳಿದದ್ದು ಬರಲಿಲ್ಲ. ನನಗೆ ಇಂದಿಗೂ ಬೇಜಾರು, ಆ ಬಲೆಯ ಅರ್ಧ ಬೆಲೆಯೂ ಅದಾಗಿರಲಿಲ್ಲ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಗೊತ್ತಿದ್ದೂ ಬೇಕೆಂದೇ ಅಪಾಯಕ್ಕೆ ತಳ್ಳಿದ ಮಾಲೀಕನಿಗೆ ಮಿತಿ ಸಿಗುವುದಿಲ್ಲ, ಆದರೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. 2017ರ ಅಡ್ಮಿರಾಲ್ಟಿ (ಕಡಲ ವ್ಯಾಜ್ಯ) ಕಾಯ್ದೆಯಂತೆ ಹಡಗನ್ನು ತಡೆದು ನಿಲ್ಲಿಸುವ ಅಧಿಕಾರ ನಮ್ಮ ಹೈಕೋರ್ಟಿಗಿದೆ, ಆದರೆ ಹಡಗು ನಮ್ಮ ನೀರು ದಾಟಿ ಹೋಗಿರಬಾರದು. ಆದ್ದರಿಂದ ಆ ಕ್ಷಣವೇ 1554ಕ್ಕೆ, ಕೋಸ್ಟ್ ಗಾರ್ಡಿಗೆ ಫೋನ್ ಮಾಡಿ.

ಆಗಸ್ಟ್ 1ಕ್ಕೆ ಬೋಟು ಇಳಿಸುವ ಮೊದಲು ಬಲೆ, ಎಂಜಿನ್, ಎಲ್ಲದರ ಬಿಲ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯಲ್ಲಿಡಿ. ಬೋಟಿನಲ್ಲಿ ಒಂದು ಪೆನ್ ಇರಲಿ. ನಮಸ್ಕಾರ.