ಒಗರಿನ ಜಾಡು ಹಿಡಿದು ಐದು ಗ್ಲಾಸ್ ರೆಡ್ ವೈನ್

ನಮಸ್ಕಾರ ಎಲ್ರಿಗೂ. ನೀವೀಗ ನೋಡ್ತಿರೋದು ಐದು ಗ್ಲಾಸು, ಐದರಲ್ಲೂ ರೆಡ್ ವೈನೇ, ಬಣ್ಣ ಸರಿಯಾಗಿ ಕಾಣ್ಲಿ ಅಂತ ಕೆಳಗೆ ಬಿಳಿ ಹಾಳೆ ಹಾಸಿದೀನಿ. ಎಡಗಡೆಯಿಂದ ಫ್ರಾನ್ಸಿನ ಬರ್ಗಂಡಿಯ ಪಿನೋ ನ್ವಾರ್, ಫ್ರಾನ್ಸಿನದೇ ಉತ್ತರ ರೋನ್ ಕಣಿವೆಯ ಸಿರಾ, ಆಸ್ಟ್ರೇಲಿಯಾದ ಬರೋಸಾದಿಂದ ಶಿರಾಜ್, ಚಿಲಿಯ ಕಾರ್ಮೆನೇರ್, ಕೊನೇಲಿ ಇಟಲಿಯ ಬರೋಲೋ. ಈ ಐದನ್ನೂ ಒಂದೇ ಪ್ರಶ್ನೆ ಇಟ್ಕೊಂಡು ರುಚಿ ನೋಡೋಣ ಅಂತ ಬಹಳ ದಿನದಿಂದ ಆಸೆ ಇತ್ತು. ಒಗರು ಎಲ್ಲಿದೆ, ಹೇಗಿದೆ, ಅಷ್ಟೇ ಪ್ರಶ್ನೆ.

ಒಗರು ಅನ್ನೋ ಪದ ನಮ್ಮ ಭಾಷೇಲಿ ಇರೋದು ವೈನ್ ಕಲಿಯೋರಿಗೆ ದೊಡ್ಡ ಅನುಕೂಲ ಅಂತ ನಾನು ನಂಬ್ತೀನಿ. ಈ ಒಗರು ಕೊಡೋ ಟ್ಯಾನಿನ್ ಅನ್ನೋ ವಸ್ತುವಿಂದ ಬಾಯಲ್ಲಿ ಏನಾಗುತ್ತೆ ಅಂತ ವಿವರಿಸೋಕೆ ಪ್ಯಾರಾಗಟ್ಟಲೆ ಬರೀತಾರೆ, ನಮಗೆ ಸಿಹಿ ಹುಳಿ ಉಪ್ಪು ಖಾರ ಕಹಿ ಒಗರು ಅಂತ ಚಿಕ್ಕಂದಿನಿಂದ್ಲೇ ಬಾಯಿಪಾಠ ಆಗಿರುತ್ತೆ. ಆದ್ರೂ ಒಗರನ್ನೂ ಕಹಿಯನ್ನೂ ಬೆರೆಸ್ಕೊಳ್ಳೋರು ತುಂಬಾ ಜನ. ಕಹಿ ನಾಲಿಗೆಗೆ ಗೊತ್ತಾಗೋ ರುಚಿ, ಒಗರು ಇಡೀ ಬಾಯಿಗೆ ಗೊತ್ತಾಗೋ ಸ್ಪರ್ಶ. ಟ್ಯಾನಿನ್ ಹೋಗಿ ನಮ್ಮ ಎಂಜಲಲ್ಲಿರೋ ಪ್ರೋಟೀನಿಗೆ ಅಂಟ್ಕೊಂಡು ಅದನ್ನ ಗಂಟು ಕಟ್ಟಿಸಿಬಿಡುತ್ತೆ, ಬಾಯಿಯ ಜಾರುತನ ಹೋಗುತ್ತೆ, ಆಗ ನಾಲಿಗೇನ ವಸಡಿನ ಮೇಲೆ ಆಡಿಸಿ ನೋಡಿ, ತರಿತರಿಯಾಗಿ ಸಿಗುತ್ತೆ. ಬಲಿಯದ ಬಾಳೆಕಾಯಿ ಕಚ್ಚಿದಾಗ, ಸೊಪ್ಪು ಬಹಳ ಹೊತ್ತು ನೆನೆದ ಟೀ ಕುಡಿದಾಗ ಆಗೋದು ಇದೇ.

ಈ ಟ್ಯಾನಿನ್ ವೈನಿಗೆ ಬರೋದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತೆ ಬೀಜದಿಂದ, ಸ್ವಲ್ಪ ತೊಟ್ಟಿನಿಂದ, ಮತ್ತೆ ಓಕ್ ಪೀಪಾಯಿಲಿ ಇಟ್ಟಿದ್ರೆ ಆ ಮರದಿಂದಾನೂ. ಕಪ್ಪು ದ್ರಾಕ್ಷಿ ಹಿಂಡಿದ್ರೆ ಹೆಚ್ಚಿನ ತಳಿಗಳಲ್ಲಿ ಬರೋ ರಸಕ್ಕೆ ಬಣ್ಣಾನೇ ಇರಲ್ಲ, ಸಿಪ್ಪೆ ಜೊತೆ ದಿನಗಟ್ಟಲೆ ನೆನೆದು ಹುದುಗಿದಾಗ್ಲೇ ಕೆಂಪು ಇಳಿಯೋದು, ಅದರ ಜೊತೆಗೇ ಒಗರೂ ಇಳಿಯುತ್ತೆ.

ಶುರು ಮಾಡೋ ಮುಂಚೆ ಒಂದು ಮಾತು, ಐದೂ ಬಾಟ್ಲೀನ ನಾನು ಫ್ರಿಜ್ಜಲ್ಲಿ 20 ನಿಮಿಷ ಇಟ್ಟು ತೆಗೆದಿದೀನಿ, ಸುಮಾರು 16 ಡಿಗ್ರಿ ಇರಬೇಕು. ರೆಡ್ ವೈನ್ ಬೆಚ್ಚಗಿದ್ರೆ ಆಲ್ಕೋಹಾಲ್ ಸೀದಾ ಮೂಗಿಗೆ ಹೊಡೆಯುತ್ತೆ, ಹಣ್ಣಿನ ಘಮ ಮುಚ್ಚಿಹೋಗುತ್ತೆ, ತೀರಾ ತಣ್ಣಗಾದ್ರೆ ಒಗರು ಗಡುಸಾಗುತ್ತೆ. ಗ್ಲಾಸಲ್ಲಿ ಮೂರನೇ ಒಂದು ಭಾಗ ಮಾತ್ರ ಹಾಕಿ, ಮಿಕ್ಕ ಜಾಗ ಘಮಕ್ಕೆ ಬೇಕು. ಪಕ್ಕದಲ್ಲಿ ಒಂದು ಮಗ್ ಇದೆಯಲ್ಲ, ಅದು ಉಗುಳೋಕೆ. ಐದನೇ ಗ್ಲಾಸಿಗೆ ಬರೋ ಹೊತ್ತಿಗೂ ನಾಲಿಗೆ ಮೂಗು ಎರಡೂ ಎಚ್ಚರವಾಗಿರಬೇಕು ಅಂದ್ರೆ ಉಗುಳ್ಲೇಬೇಕು.

ಪಿನೋ ನ್ವಾರ್ ಇಂದ ಶುರು ಮಾಡೋಣ. ಗ್ಲಾಸನ್ನ ಹಾಳೆ ಮೇಲೆ ಓರೆ ಮಾಡಿದೀನಿ, ಹಿಂದೆ ಬರೆದಿರೋ ಅಕ್ಷರ ಕಾಣ್ತಿದೆ ನೋಡಿ, ಅಷ್ಟು ತಿಳಿ. ಈ ದ್ರಾಕ್ಷಿಯ ಸಿಪ್ಪೆ ತೆಳು, ಹಾಗಾಗಿ ಬಣ್ಣ ಕಮ್ಮಿ, ಒಗರೂ ಕಮ್ಮಿ, ಚೆರ್ರಿ ಹಣ್ಣು ಮತ್ತೆ ಮಳೆ ಬಿದ್ದ ಕಾಡಿನ ಎಲೆ ಕೊಳೆತ ಮಣ್ಣಿನ ವಾಸನೆ, ಆಮೇಲೆ ರೇಷ್ಮೆ ಹಾಗೆ ಜಾರಿ ಹೋಗುತ್ತೆ. ಬರ್ಗಂಡಿಯ ಕೋಟ್ ದೋರ್ ಅಂದ್ರೆ ಸುಮಾರು 50 ಕಿಲೋಮೀಟರ್ ಉದ್ದದ ಒಂದು ಇಳಿಜಾರು, ಅದರಲ್ಲೇ 1,200ಕ್ಕೂ ಹೆಚ್ಚು ತುಂಡು ತೋಟಗಳಿಗೆ ಒಂದೊಂದು ಹೆಸರು, ಗಡಿ ಎಲ್ಲಾ ಇದೆ, 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಒಂದು ಗೋಡೆ ದಾಟಿದ್ರೆ ವೈನ್ ಬೇರೆ ಅಂತಾರೆ ಅಲ್ಲಿಯವರು. ಪಿನೋ ಬಗ್ಗೆ ಹೇಳೋಕೆ ಬೇಕಾದಷ್ಟಿದೆ, ಆದ್ರೆ ನಮ್ಮ ಪ್ರಶ್ನೆ ಒಗರಿನದು, ಮುಂದೆ ಹೋಗೋಣ.

ಈಗ ಸಿರಾ ಮತ್ತೆ ಶಿರಾಜ್ ಎರಡನ್ನೂ ಒಟ್ಟಿಗೆ ಎತ್ಕೋತೀನಿ, ಯಾಕಂದ್ರೆ ಇವೆರಡೂ ಒಂದೇ ದ್ರಾಕ್ಷಿ. ಹೆಸರು ಕೇಳಿ ಇದು ಇರಾನಿನ ಶಿರಾಜ್ ಊರಿಂದ ಬಂದಿದ್ದು ಅಂತ ಬಹಳ ಕಾಲ ನಂಬಿದ್ರು, 1998ರಲ್ಲಿ ಡಿಎನ್‌ಎ ನೋಡಿದಾಗ ಇದರ ಅಪ್ಪ ಅಮ್ಮ ದ್ಯೂರೆಜಾ ಮತ್ತೆ ಮೊಂದ್ಯೂಜ್ ಬ್ಲಾಂಶ್ ಅನ್ನೋ ಆಗ್ನೇಯ ಫ್ರಾನ್ಸಿನ ಎರಡು ತಳಿ ಅಂತ ಗೊತ್ತಾಯ್ತು. ಅಂದ್ರೆ ರೋನ್ ಇದರ ತವರು. ಅಲ್ಲಿ ನದಿ ದಂಡೆಯ ಕಡಿದಾದ ಗುಡ್ಡಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿ ಬಳ್ಳಿ ಬೆಳೆಸ್ತಾರೆ, ಗಾಳಿ ಜೋರು, ಹವಾ ಬರೋಸಾಗಿಂತ ತಂಪು. ಮೂಗಿಟ್ಟ ತಕ್ಷಣ ಕಾಳುಮೆಣಸು, ಈಗ್ತಾನೆ ಕುಟ್ಟಿದ ಹಾಗೆ. ಇದು ಬರೀ ಹೋಲಿಕೆ ಮಾತಲ್ಲ ಕಣ್ರೀ, ರೊಟಂಡೋನ್ ಅನ್ನೋ ವಸ್ತು ಕಾಳುಮೆಣಸಲ್ಲೂ ಇದೆ, ಈ ವೈನಲ್ಲೂ ಇದೆ, ಅದನ್ನ 2008ರಲ್ಲಿ ಪತ್ತೆ ಮಾಡಿದ್ದು ಆಸ್ಟ್ರೇಲಿಯಾದ ವಿಜ್ಞಾನಿಗಳು. ಹಣ್ಣು ತಂಪಲ್ಲಿ ಮಾಗಿದಷ್ಟೂ ಇದು ಜಾಸ್ತಿ. ಐದು ಜನರಲ್ಲಿ ಸುಮಾರು ಒಬ್ಬರ ಮೂಗಿಗೆ ಈ ವಾಸನೆ ತಿಳಿಯೋದೇ ಇಲ್ಲ, ಹಾಗಾಗಿ ನಿಮಗೆ ಮೆಣಸು ಸಿಗ್ಲಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ, ಜೊತೇಲಿ ಕುಡಿಯೋರಿಗೆ ಸಿಗ್ತಾ ಕೇಳಿ.

ಒಗರಿನ ವಿಷಯಕ್ಕೆ ಬಂದ್ರೆ ರೋನ್ ಸಿರಾದ ಒಗರು ಸಣ್ಣ ಮರಳಿನ ಹಾಗೆ, ನಾಲಿಗೆಯ ಅಂಚಲ್ಲಿ ಬಿಗಿಯಾಗಿ ಕೂರುತ್ತೆ, ಜೊತೆಗೆ ಹುಳಿ ಇರೋದ್ರಿಂದ ಬಾಯಿ ಮತ್ತೆ ನೀರೂರುತ್ತೆ. ಈಗ ಪಕ್ಕದ ಶಿರಾಜ್. ಅಬ್ಬಾ, ಎಷ್ಟು ಬೇರೆ! ಬಣ್ಣ ಶಾಯಿ ಥರ, ಅಕ್ಷರ ಬಿಡಿ, ಹಾಳೆ ಇದೆ ಅನ್ನೋದೇ ಕಾಣಲ್ಲ. ಬಿಸಿಲ ನಾಡಿನ ಹಣ್ಣು, ಸಕ್ಕರೆ ಜಾಸ್ತಿ, ಆ ಸಕ್ಕರೆ ಎಲ್ಲಾ ಆಲ್ಕೋಹಾಲ್ ಆಗಿರುತ್ತೆ, ಈ ಬಾಟ್ಲಿ ಮೇಲೆ ಶೇಕಡಾ 14.5 ಅಂತ ಇದೆ, ರೋನ್ ಬಾಟ್ಲಿ ಮೇಲೆ 13. ಮಾಗಿದ ಪ್ಲಮ್, ಚಾಕ್ಲೇಟ್, ಜಾಮ್ ಕುದಿಸೋ ಪಾತ್ರೆ ಹತ್ರ ನಿಂತ ಹಾಗಿದೆ. ಒಗರು ಇದೆ, ಕಮ್ಮಿ ಏನಿಲ್ಲ, ಆದ್ರೆ ಹಣ್ಣಿನ ಗಟ್ಟಿತನದ ಒಳಗೆ ಸೇರ್ಕೊಂಡು ವೆಲ್ವೆಟ್ ಬಟ್ಟೆ ಸವರಿದ ಹಾಗೆ ಸಿಗುತ್ತೆ. ಬರೋಸಾದಲ್ಲಿ 1843ರಲ್ಲಿ ನೆಟ್ಟ ಬಳ್ಳಿಗಳು ಈಗ್ಲೂ ಹಣ್ಣು ಕೊಡ್ತಿವೆ, ಯಾಕಂದ್ರೆ ಯೂರೋಪಿನ ತೋಟಗಳನ್ನ 1860ರ ದಶಕದಿಂದ ನಾಶ ಮಾಡಿದ ಫಿಲಾಕ್ಸೆರಾ ಅನ್ನೋ ಬೇರು ಹೀರೋ ಹುಳ ಆ ಕಡೆ ಹೋಗ್ಲೇ ಇಲ್ಲ. ಅಂಥ ಮುದಿ ಬಳ್ಳೀಲಿ ಗೊಂಚಲು ಕಮ್ಮಿ, ರಸ ಗಟ್ಟಿ. ನೀವು ಎರಡೇ ಬಾಟ್ಲಿ ತಗೊಂಡು ಮನೇಲಿ ಕೂತು ಏನಾದ್ರೂ ಕಲೀಬೇಕು ಅಂದ್ರೆ ನಾನು ಹೇಳೋದು ಈ ಜೋಡೀನೇ.

ಕಾರ್ಮೆನೇರ್ ಕಥೆ ಅದೇ ಹುಳದ್ದು. ಇದು ಫ್ರಾನ್ಸಿನ ಬೋರ್ಡೋದ ತಳಿ, ಹುಳ ಬಂದಮೇಲೆ ಅಲ್ಲಿ ಹೆಚ್ಚುಕಮ್ಮಿ ಕಾಣೆಯಾಯ್ತು. ಅದಕ್ಕೂ ಮುಂಚೆ ಹಡಗು ಹತ್ತಿ ಚಿಲಿಗೆ ಹೋಗಿದ್ದ ಬಳ್ಳಿಗಳು ಮಾತ್ರ ಅಲ್ಲಿ ಮೆರ್ಲೋ ಅನ್ನೋ ಬೇರೊಂದು ತಳಿಯ ಹೆಸರಲ್ಲಿ ಬೆಳೀತಾ ಇದ್ವು, ಯಾರಿಗೂ ಗೊತ್ತಿರಲಿಲ್ಲ, 1994ರಲ್ಲಿ ಜಾಂ ಮಿಶೆಲ್ ಬೂರ್ಸಿಕೋ ಅನ್ನೋ ಫ್ರೆಂಚ್ ತಳಿತಜ್ಞ ತೋಟದಲ್ಲಿ ನೋಡಿ ಇದು ಮೆರ್ಲೋ ಅಲ್ಲ ಕಾರ್ಮೆನೇರ್ ಅಂದ್ರು. ಮೆರ್ಲೋಗಿಂತ ವಾರಗಟ್ಟಲೆ ತಡವಾಗಿ ಮಾಗೋ ಹಣ್ಣು ಇದು, ಮೆರ್ಲೋ ಅಂತ ಬೇಗ ಕೊಯ್ದಾಗ ಹಸಿ ಕ್ಯಾಪ್ಸಿಕಂ ವಾಸನೆ ಹೊಡೀತಿತ್ತು, ಹೆಸರು ಗೊತ್ತಾದಮೇಲೆ ಕಾದು ಕೊಯ್ಯೋದು ಕಲಿತರು. ಈ ಗ್ಲಾಸಲ್ಲಿ ಕ್ಯಾಪ್ಸಿಕಂ ಇನ್ನೂ ಒಂದು ಎಳೆ ಇದೆ, ನನಗೆ ಅದು ಇಷ್ಟ. ಒಗರು ಮೆತ್ತಗಿದೆ.

ಕೊನೇದು ಬರೋಲೋ. ಇದಕ್ಕೋಸ್ಕರಾನೇ ಬಿಳಿ ಹಾಳೆ ಹಾಸಿದ್ದು. ಓರೆ ಮಾಡ್ತೀನಿ ನೋಡಿ, ಹೆಚ್ಚುಕಮ್ಮಿ ಪಿನೋದಷ್ಟೇ ತಿಳಿ, ಅಂಚಲ್ಲಿ ಇಟ್ಟಿಗೆ ಬಣ್ಣ. ಇಷ್ಟೊತ್ತು ಕಪ್ಪಗಿದ್ರೆ ಒಗರು ಜಾಸ್ತಿ, ತಿಳಿ ಇದ್ರೆ ಕಮ್ಮಿ ಅಂತ ಅನ್ಸಿರುತ್ತಲ್ವಾ, ಒಂದು ಗುಟುಕು ತಗೊಂಡು ಹತ್ತು ಸೆಕೆಂಡ್ ಬಾಯಲ್ಲಿಟ್ಟು ಉಗುಳಿ. ಮೇಲ್ದುಟಿ ಹಲ್ಲಿಗೆ ಅಂಟ್ಕೊಳ್ಳುತ್ತೆ, ಕೆನ್ನೆಯ ಒಳಭಾಗ ಒಣಗಿ ಒಳಕ್ಕೆ ಎಳೆದ ಹಾಗಾಗುತ್ತೆ, ಐದು ಗ್ಲಾಸಲ್ಲೂ ಇಷ್ಟು ಒಗರು ಯಾವುದರಲ್ಲೂ ಇಲ್ಲ. ಬರೋಲೋ ಮಾಡೋದು ನೆಬ್ಬಿಯೋಲೋ ಅನ್ನೋ ದ್ರಾಕ್ಷಿಯಿಂದ, ಅದಕ್ಕೆ ಬಣ್ಣ ಕಮ್ಮಿ, ಟ್ಯಾನಿನ್ ಮಾತ್ರ ಭಾರಿ. ಅದಕ್ಕೇ ಬರೋಲೋ ಅನ್ನೋ ಹೆಸರು ಹಾಕ್ಬೇಕು ಅಂದ್ರೆ ಕನಿಷ್ಠ 38 ತಿಂಗಳು ಮಾಗಿಸ್ಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಲಿ. ಬರೋಲೋ ಸೀಮೆಯ ಊರುಗಳಲ್ಲೂ ಲಾ ಮೊರ್ರಾ ಕಡೆಯದು ಸ್ವಲ್ಪ ಮೃದು, ಸೆರ್ರಾಲುಂಗಾ ಕಡೆಯದು ಗಡುಸು ಅಂತಾರೆ, ನನ್ನ ಹತ್ರ ಇರೋದು ಸೆರ್ರಾಲುಂಗಾದ್ದು. ಒಂದು ಚೂರು ಗಟ್ಟಿ ಚೀಸ್ ತಿಂದು ಮತ್ತೆ ಗುಟುಕು ತಗೊಂಡೆ, ಒಗರು ತಕ್ಷಣ ಅರ್ಧ ಆಯ್ತು, ಚೀಸಿನ ಪ್ರೋಟೀನು ಕೊಬ್ಬು ಟ್ಯಾನಿನ್ನನ್ನ ಹಿಡ್ಕೊಂಡು ಬಾಯಿಗೆ ಬಿಡುವು ಕೊಡ್ತವೆ.

ಈ ಕ್ಲಿಪ್ ಮಾರನೇ ದಿನ ಸಂಜೆದು. ನಾಲ್ಕು ಬಾಟ್ಲಿಗೆ ಕಾರ್ಕ್ ಹಾಕಿ ಫ್ರಿಜ್ಜಲ್ಲಿಟ್ಟಿದ್ದೆ, ಬರೋಲೋ ಮಾತ್ರ ಅರ್ಧ ಬಾಟ್ಲಿ ಹೊರಗೇ ಇತ್ತು. ಪಿನೋ ಸೊರಗಿದೆ, ಚೆರ್ರಿ ಹೋಗಿ ಬರೀ ಹುಳಿ ಉಳಿದಿದೆ. ಬರೋಲೋಗೆ ಮೂಗಿಟ್ಟೆ, ನಿನ್ನೆ ಸಿಗದೇ ಇದ್ದ ಒಣ ಗುಲಾಬಿ ಎಸಳು, ಅದರ ಹಿಂದೇನೇ ಬಿಸಿಲಿಗೆ ಕಾದ ಡಾಂಬರು, ಈ ವೈನ್ ಬಗ್ಗೆ ಎಲ್ಲರೂ ಹೇಳೋ ಆ ಎರಡು ಘಮ, ಕೊನೆಗೂ ಬಂದ್ವು. ಒಗರು ಇನ್ನೂ ಇದೆ, ಆದ್ರೆ ತುಟಿ ಈಗ ಹಲ್ಲಿಗೆ ಅಂಟ್ತಾ ಇಲ್ಲ. ಇವತ್ತು ಉಗುಳಲ್ಲ.